ಮಾಗಿ ಬಂತು, ನೀರು ಜೋಪಾನ

ಹಿಂಗಾರು ಹಿಂದೆ ಸರಿದಿದೆ. ಇನ್ನು ನೆಲ ನೆನೆಯುವಂಥ ಮಳೆ ಬರುವುದು ಏಪ್ರಿಲ್‌ಗೇ. ಮಾರ್ಚ್‌ನಲ್ಲಿ ಟ್ಯಾಂಕರ್ ಕಾಯಬೇಕೋ ಬೇಡವೋ ಎಂಬುದು ತೀರ್ಮಾನವಾಗುವುದು ಈ ಚಳಿಯ ದಿನಗಳಲ್ಲಿ. ನಮ್ಮ ಬಚ್ಚಲಲ್ಲಿ, ತಾರಸಿಯಲ್ಲಿ, ಕುಂಡಗಳ ಬುಡದಲ್ಲಿ.

ನರಕ ಚತುರ್ದಶಿಯ ಹಿಂದಿನ ಸಂಜೆ. ಮಲೆನಾಡಿನ ಮನೆಯೊಂದರ ಬಚ್ಚಲು. ಹುಣಸೆಹುಳಿ ಹಾಕಿ ತಿಕ್ಕಿದ ತಾಮ್ರದ ಹಂಡೆ ಒಲೆಯ ಮೇಲೆ ಕೂತಿದೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಶೇಡಿಯ ಎಳೆಗಳು ಇನ್ನೂ ಹಸಿ ಹಸಿ. ಹಂಡೆಯ ಕೊರಳಿಗೆ ಹಿಂಡಲೆಕಾಯಿ ಬಳ್ಳಿಯ ಸುತ್ತು. ಬಾವಿಗೆ ಪೂಜೆ ಮಾಡಿ ಸೇದಿ ತಂದ ನೀರು ಕೊಡದ ಮೇಲೆ ಕೊಡ ಹಂಡೆಗೆ ಬೀಳುತ್ತಿದೆ. ಅಂಚು ಮುಟ್ಟಿದ ಮೇಲೆಯೇ ನಾಳೆಯ ಎಣ್ಣೆಸ್ನಾನಕ್ಕೆ ಒಲೆ ಹತ್ತುವುದು.

ಇದು ನೀರು ತುಂಬುವ ಹಬ್ಬ. ಕಾಲ ನೋಡಿಯೇ ಹಿರಿಯರು ಇಟ್ಟ ಹಬ್ಬ ಎನ್ನಬೇಕು. ಚಿತ್ತಾ, ಸ್ವಾತಿ ಮಳೆಗಳು ಮುಗಿಯುತ್ತಾ ಬರುವ ಹೊತ್ತದು. ವಿಶಾಖ, ಅನುರಾಧಾ ಬಂದರೆ ಬಂದವು, ಇಲ್ಲದಿದ್ದರೆ ಇಲ್ಲ. ಬಾವಿ ತುಂಬಿದೆ, ಕೆರೆ ತುಂಬಿದೆ, ಚಳಿ ಬಾಗಿಲಲ್ಲಿ ನಿಂತಿದೆ. ಆ ಹೊತ್ತಿಗೆ ಮನೆಯವರೆಲ್ಲ ಸೇರಿ ಬಚ್ಚಲು ತೊಳೆದು, ಹಂಡೆ ಬೆಳಗಿ, ನೀರನ್ನು ಕಣ್ಣಾರೆ ಅಳೆದು ತುಂಬಿಡುತ್ತಾರೆ.

ನಗರದ ಮನೆಗಳಲ್ಲಿ ಹಂಡೆಯ ಜಾಗಕ್ಕೆ ಗೀಸರ್ ಬಂದಿದೆ, ಬಾವಿಯ ಜಾಗಕ್ಕೆ ಸಂಪು. ಹಬ್ಬದ ದಿನ ಒಂದು ತಂಬಿಗೆಗೆ ಕುಂಕುಮ ಹಚ್ಚಿದರೆ ನೀರು ತುಂಬಿದಂತಾಯಿತು. ಆದರೆ ಹಬ್ಬದ ಒಳಗಿದ್ದ ಕೆಲಸ ಹಾಗೆಯೇ ಬಾಕಿ ಇದೆ. ಮಳೆ ಹೋಗುವ ಹೊತ್ತಿಗೆ ಮನೆಯ ನೀರಿನ ಲೆಕ್ಕ ನೋಡಿ, ಮುಂದಿನ ಮಳೆಯವರೆಗೆ ಅದನ್ನು ಕಾಯುವ ಕೆಲಸ.

ಯಾರೂ ನೀರಿನ ಮಾತೆತ್ತದ ತಿಂಗಳುಗಳು

ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ. ಅತಿ ಹೆಚ್ಚು ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ. ನವೆಂಬರ್ ಕಳೆದರೆ ಮೋಡ ಕಾಣಿಸಿದರೂ ಹನಿ ಕಾಣಿಸದು. ಜನವರಿ, ಫೆಬ್ರುವರಿ ಎರಡೂ ಸೇರಿ ಸರಾಸರಿ 10 ಮಿ.ಮೀ. ಆಸುಪಾಸು ಬಿದ್ದರೆ ಹೆಚ್ಚು.

ಚಳಿಯೂ ಇಲ್ಲಿ ಅಂಥ ಕಡುಚಳಿಯಲ್ಲ. 1884ರ ಜನವರಿ 13ರಂದು ದಾಖಲಾದ 7.8 ಡಿಗ್ರಿಯೇ ಈ ಊರು ಕಂಡ ಅತಿ ಕಡಿಮೆ ಉಷ್ಣಾಂಶ. ಈಗಿನ ಜನವರಿಯ ಬೆಳಗುಗಳು ಸಾಮಾನ್ಯವಾಗಿ 15-16 ಡಿಗ್ರಿಯ ಸುತ್ತ ಇರುತ್ತವೆ. ಹಿಮ ಬಿದ್ದು ಕೊಳಾಯಿ ಹೆಪ್ಪುಗಟ್ಟುವ ಭಯವಿಲ್ಲ, ಗಿಡ ಸುಟ್ಟುಹೋಗುವ ಭಯವಿಲ್ಲ. ಹಾಗಾಗಿ ಚಳಿಗಾಲಕ್ಕೆ ಮನೆಯನ್ನು ಅಣಿಗೊಳಿಸುವುದೆಂದರೆ ನಮಗೆ ಸ್ವೆಟರು, ರಗ್ಗುಗಳನ್ನು ಬಿಸಿಲಿಗೆ ಹಾಕುವುದಷ್ಟೇ ಆಗಿಬಿಟ್ಟಿದೆ.

ಬಾಯಾರಿಕೆ ಕಡಿಮೆ, ಸೆಖೆ ಇಲ್ಲ, ನಲ್ಲಿಯಲ್ಲಿ ನೀರು ಬರುತ್ತಿದೆ. ಡಿಸೆಂಬರ್‌ನಲ್ಲಿ ನೀರಿನ ಮಾತೆತ್ತಿದರೆ ಯಾರೂ ಕಿವಿಗೊಡುವುದಿಲ್ಲ. ಮಾತು ಶುರುವಾಗುವುದು ಮಾರ್ಚ್‌ನಲ್ಲಿ, ಆಗ ಉಳಿಸಲು ಏನೂ ಉಳಿದಿರುವುದಿಲ್ಲ.

2024ರ ಮಾರ್ಚ್ ಅದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಹಿಂದಿನ ವರ್ಷ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಗಿದ್ದವು. ಬೆಂಗಳೂರಿನ 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ಕಾರು ತೊಳೆಯಲು, ಕೈತೋಟಕ್ಕೆ, ಕಾರಂಜಿಗೆ, ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿತು. 2025ರ ಫೆಬ್ರುವರಿಯಲ್ಲಿ, ಚಳಿ ಇನ್ನೂ ಪೂರ್ತಿ ಕಾಲ್ತೆಗೆಯುವ ಮೊದಲೇ, ಅದೇ ದಂಡದ ಆದೇಶ ಮತ್ತೆ ಬಂತು.

ಈ ನಡುವೆ 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರಿಗೆ ದಾರಿಯಾಯಿತು. ಸಂತೋಷದ ಸಂಗತಿ. ಆದರೆ ಆ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ಹರಿದು, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪಿನ ಮೇಲೆ ಪಂಪು ದಾಟಿ ಬರುತ್ತದೆ. ಅಷ್ಟು ದೂರದಿಂದ ಹತ್ತಿಸಿಕೊಂಡು ಬಂದ ನೀರನ್ನು ಬಿಸಿನೀರು ಬರುವವರೆಗೆ ಸುಮ್ಮನೆ ಮೋರಿಗೆ ಬಿಡುವುದು ನನಗಂತೂ ಸಹಿಸಲಾಗದ ಸಂಗತಿ.

ಬಿಸಿನೀರು ಬರುವ ಮುಂಚೆ

ಚಳಿಗಾಲದಲ್ಲಿ ಮನೆಯೊಳಗೆ ಅತಿ ಹೆಚ್ಚು ನೀರು ಹಾಳಾಗುವುದು ಬಚ್ಚಲಲ್ಲಿ. ಅದೂ ಸ್ನಾನಕ್ಕೆ ಮುಂಚೆ.

ಸೋಲಾರ್ ಹೀಟರ್ ತಾರಸಿಯ ಮೇಲಿರುತ್ತದೆ, ಬಚ್ಚಲು ನೆಲಮಹಡಿಯಲ್ಲಿ. ರಾತ್ರಿಯಿಡೀ ಕೊಳವೆಯಲ್ಲಿ ನಿಂತ ನೀರು ತಣ್ಣಗಾಗಿರುತ್ತದೆ. ನಲ್ಲಿ ತಿರುಗಿಸಿ, ಕೈ ಒಡ್ಡಿ, ಬಿಸಿ ಬಂತೇ ಎಂದು ನೋಡುತ್ತಾ ನಿಲ್ಲುತ್ತೇವೆ. ನಿಮಿಷಕ್ಕೆ 8 ಲೀಟರ್ ಬಿಡುವ ನಲ್ಲಿಯಲ್ಲಿ ಎರಡು ನಿಮಿಷ ಕಾದರೆ 16 ಲೀಟರ್. ನಾಲ್ಕು ಜನ ನಾಲ್ಕು ಹೊತ್ತಿನಲ್ಲಿ ಸ್ನಾನ ಮಾಡಿದರೆ ದಿನಕ್ಕೆ 64 ಲೀಟರ್. ಚಳಿಯ 90 ದಿನಗಳಿಗೆ ಗುಣಿಸಿ: 5,760 ಲೀಟರ್. ಮಾರ್ಚ್‌ನಲ್ಲಿ ದುಡ್ಡು ಕೊಟ್ಟು ತರಿಸುವ ಸಣ್ಣ ಟ್ಯಾಂಕರ್‌ನಲ್ಲಿ ಇರುವುದು ಹೆಚ್ಚುಕಡಿಮೆ ಇಷ್ಟೇ ನೀರು.

ಇದಕ್ಕೆ ಪರಿಹಾರ ಬಹಳ ಸರಳ. ನಲ್ಲಿಯ ಕೆಳಗೆ ಎರಡು ಬಕೆಟ್ ಇಡಿ. ಮೊದಲು ಬರುವ ತಣ್ಣೀರು ಒಂದಕ್ಕೆ ಹೋಗಲಿ. ಅದು ಚೊಕ್ಕ ನೀರು. ಬಟ್ಟೆ ನೆನೆಸಲು, ನೆಲ ಒರೆಸಲು, ಗಿಡಕ್ಕೆ ಹಾಕಲು ಯಾವುದಕ್ಕೂ ಆಗುತ್ತದೆ. ಮನೆಯವರೆಲ್ಲ ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸಿದರೆ ಕಾಯುವ ಕೆಲಸ ಮೊದಲಿನವರಿಗೆ ಮಾತ್ರ, ಉಳಿದವರಿಗೆ ಕೊಳವೆ ಆಗಲೇ ಬಿಸಿಯಾಗಿರುತ್ತದೆ. ತಾರಸಿಯಲ್ಲಿ ಬಯಲಿಗೆ ಬಿದ್ದಿರುವ ಬಿಸಿನೀರಿನ ಕೊಳವೆಗೆ ಫೋಮ್ ಹೊದಿಕೆ ತೊಡಿಸುವುದು ಪ್ಲಂಬರ್‌ಗೆ ಒಂದು ಹೊತ್ತಿನ ಕೆಲಸ.

ಶವರ್ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ. ಚಳಿಗೆ ಬಿಸಿನೀರಿನ ಕೆಳಗೆ ನಿಂತರೆ ಹೊರಬರಲು ಮನಸ್ಸಾಗುವುದಿಲ್ಲ. ಐದು ನಿಮಿಷಕ್ಕೇ 50 ಲೀಟರ್ ಹೋಗಿರುತ್ತದೆ. ಬಕೆಟ್ಟು, ಚೊಂಬು ಹಿಡಿದರೆ 20 ಲೀಟರಿನಲ್ಲಿ ತಲೆಸ್ನಾನವೂ ಮುಗಿಯುತ್ತದೆ. ಶವರ್ ಬೇಕೇ ಬೇಕೆನ್ನುವವರು ಅದಕ್ಕೂ ಅಡುಗೆಮನೆಯ ನಲ್ಲಿಗೂ ಏರಿಯೇಟರ್ ಹಾಕಿಸಬಹುದು. ನೀರಿಗೆ ಗಾಳಿ ಬೆರೆಸಿ ಬಿಡುವ ಈ ಪುಟ್ಟ ಬಿಲ್ಲೆಯನ್ನು 2024ರ ಬವಣೆಯಲ್ಲಿ ಜಲಮಂಡಳಿ ವಾಣಿಜ್ಯ ಕಟ್ಟಡಗಳಿಗೆ ಕಡ್ಡಾಯ ಮಾಡಿತ್ತು. ಪಾತ್ರೆ ತೊಳೆಯುವವರಿಗೆ ವ್ಯತ್ಯಾಸವೇ ಗೊತ್ತಾಗದು, ನೀರು ಮಾತ್ರ ಅರ್ಧಕ್ಕಿಂತ ಕಡಿಮೆ ಸಾಕು.

ಇನ್ನು ಸೋರಿಕೆ. ಸೆಕೆಂಡಿಗೊಂದು ಹನಿ ತೊಟ್ಟಿಕ್ಕುವ ನಲ್ಲಿ ದಿನಕ್ಕೆ 20 ಲೀಟರಿನಷ್ಟು ಕಳೆಯುತ್ತದೆ. ಕಣ್ಣಿಗೆ ಕಾಣದ ಸೋರಿಕೆ ಇರುವುದು ಕಮೋಡಿನ ಫ್ಲಷ್ ಟ್ಯಾಂಕಿನಲ್ಲಿ. ರಾತ್ರಿ ಮಲಗುವ ಮುನ್ನ ಆ ಟ್ಯಾಂಕಿಗೆ ಒಂದು ಚಮಚ ಅರಿಶಿನ ಕದಡಿದ ನೀರು ಸುರಿಯಿರಿ. ಫ್ಲಷ್ ಮಾಡದೆಯೇ ಅರ್ಧ ಗಂಟೆಯಲ್ಲಿ ಕೆಳಗೆ ಹಳದಿ ಇಳಿದಿದ್ದರೆ ವಾಷರ್ ಸವೆದಿದೆ ಎಂದೇ ಅರ್ಥ.

┃ ಬಾಕ್ಸ್: ನೂರು ದಿನದ ಲೆಕ್ಕ ┃

ಒಂದು ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. 1,000 ಚದರಡಿಯ ತಾರಸಿ ಎಂದರೆ ಸುಮಾರು 93 ಚದರ ಮೀಟರ್. ಒಂದು ಸಂಜೆಯ 20 ಮಿ.ಮೀ. ಮಳೆಗೆ, ಪೋಲಾದದ್ದು ಕಳೆದರೂ, 1,500 ಲೀಟರ್ ಕೈಸೇರುತ್ತದೆ.

ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿದ್ದ ಎ.ಆರ್. ಶಿವಕುಮಾರ್ ತೊಂಬತ್ತರ ದಶಕದ ಮಧ್ಯದಲ್ಲಿ ಬೆಂಗಳೂರಿನಲ್ಲಿ ಮನೆ ಕಟ್ಟಿದಾಗ ಹಳೆಯ ಮಳೆ ದಾಖಲೆಗಳನ್ನು ತೆಗೆದು ನೋಡಿದರು. ಎರಡು ಒಳ್ಳೆಯ ಮಳೆಗಳ ನಡುವಿನ ದೊಡ್ಡ ಅಂತರ ನೂರು ದಿನದ ಸುತ್ತ ಎಂದು ಕಂಡಿತು. ದಿನಕ್ಕೆ 400 ಲೀಟರಿನ ಬಳಕೆ ಹಿಡಿದು, ಸುಮಾರು 45,000 ಲೀಟರ್ ಹಿಡಿಯುವ ತೊಟ್ಟಿಗಳನ್ನು ಕಟ್ಟಿಸಿದರು. ನಲ್ಲಿ ಸಂಪರ್ಕವಿಲ್ಲದೆ ಮಳೆನೀರಿನಲ್ಲೇ ಆ ಸಂಸಾರ ನಡೆಯಿತು. ಆ ನೂರು ದಿನಗಳ ಬಹುಪಾಲು ನಮ್ಮ ಚಳಿಗಾಲವೇ.

ಬೆಂಗಳೂರಿನಲ್ಲಿ 2009ರಿಂದ ಮಳೆನೀರು ಸಂಗ್ರಹ ಕಡ್ಡಾಯ. 60x40 ಅಡಿಯ ನಿವೇಶನದ ಹಳೆಯ ಮನೆಗಳಿಗೂ 30x40ರ ಹೊಸ ಮನೆಗಳಿಗೂ ಆಗ ಈ ನಿಯಮ ಬಂತು.

ಎರೆಹೊಲದ ಉಪಾಯ

ಮನೆಯಿಂದ ಅಂಗಳಕ್ಕೆ ಇಳಿಯೋಣ. ಇಲ್ಲಿ ನಮಗೆ ದಾರಿ ತೋರುವವರು ವಿಜಯಪುರ, ಗದಗ, ಬಾಗಲಕೋಟೆಯ ರೈತರು.

ಹಿಂಗಾರಿನ ಬಿಳಿಜೋಳವನ್ನು ಅಲ್ಲಿ ಬಿತ್ತುವುದು ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ. ಆಮೇಲೆ ಹೆಚ್ಚು ಮಳೆ ಇಲ್ಲ, ಕಾಲುವೆ ನೀರೂ ಇಲ್ಲ. ಚಳಿ ಕಳೆಯುವ ಹೊತ್ತಿಗೆ ಆಳೆತ್ತರದ ಜೋಳ ತೆನೆ ಬಿಟ್ಟು ನಿಂತಿರುತ್ತದೆ. ಮಳೆಗಾಲದಲ್ಲಿ ಎರೆಮಣ್ಣು ಕುಡಿದಿಟ್ಟುಕೊಂಡ ಹಸಿಯೇ ಆ ಪೈರಿನ ಬಂಡವಾಳ.

ಆ ಹಸಿಯನ್ನು ಅವರು ಬಿಡದೆ ಕಾಯುತ್ತಾರೆ. ಮಳೆಗಾಲದಲ್ಲಿ ಹೊಲವನ್ನು ಚೌಕುಮಡಿ ಮಾಡಿ ಬಿದ್ದ ನೀರನ್ನು ಬಿದ್ದಲ್ಲೇ ಇಂಗಿಸುತ್ತಾರೆ. ಮಳೆ ನಿಂತ ಮೇಲೆ ಸಾಲುಗಳ ನಡುವೆ ಎಡೆಕುಂಟೆ ಹೊಡೆಯುತ್ತಾರೆ. ಕಳೆ ಸಾಯುತ್ತದೆ ಎಂಬುದು ಒಂದು ಲಾಭ. ಇನ್ನೊಂದು, ಎರೆಮಣ್ಣು ಬಿರುಕು ಬಿಡುತ್ತಾ ಹೋದಂತೆ ಆ ಬಿರುಕಿನಿಂದಲೇ ಒಳಗಿನ ತೇವ ಗಾಳಿಗೆ ಹೋಗುತ್ತದೆ. ಕುಂಟೆ ಹೊಡೆದರೆ ಬಿರುಕು ಮುಚ್ಚಿ, ಮೇಲೆ ಒಣ ಪುಡಿಮಣ್ಣಿನ ಪದರ ಕೂರುತ್ತದೆ. ಕೆಳಗಿನ ಹಸಿ ಕೆಳಗೇ ಉಳಿಯುತ್ತದೆ.

ಕೈತೋಟದಲ್ಲಿ ಎಡೆಕುಂಟೆಯ ಕೆಲಸವನ್ನು ಸಣ್ಣ ಕಳೆಗುದ್ದಲಿ ಮಾಡುತ್ತದೆ. ಹಿಂಗಾರಿನ ಕೊನೆಯ ಮಳೆ ಬಿದ್ದ ಎರಡು ಮೂರು ದಿನಕ್ಕೆ, ಮಣ್ಣು ಕೈಗೆ ಅಂಟದಷ್ಟು ಆರಿದಾಗ, ಗಿಡದ ಸುತ್ತ ಒಂದಿಂಚು ಆಳಕ್ಕೆ ಕೆದಕಿ ಬಿಡಿ. ಬೇರು ಕೀಳುವಷ್ಟು ಆಳ ಬೇಡ.

ಆಮೇಲೆ ಮುಚ್ಚಿಗೆ. ಇದರಲ್ಲಿ ಗುರುಗಳು ಶಿರಸಿ, ಸಿದ್ದಾಪುರದ ಅಡಿಕೆ ಬೆಳೆಗಾರರು. ಸೊಪ್ಪಿನ ಬೆಟ್ಟದಿಂದ ದರಕು, ಅಂದರೆ ಒಣಗಿದ ಎಲೆ, ಗುಡಿಸಿ ತಂದು ಅಡಿಕೆಯ ಬುಡಕ್ಕೆ ಹಾಕುವುದು ಅಲ್ಲಿ ತಲೆತಲಾಂತರದ ಕೆಲಸ. ತುಮಕೂರು ಸೀಮೆಯ ತೆಂಗಿನ ತೋಟದವರು ಸುಲಿದ ತೆಂಗಿನ ಮಟ್ಟೆಯನ್ನು ಮರದ ಸುತ್ತ ಹೂಳುತ್ತಾರೆ. ಮಟ್ಟೆಯ ನಾರು ನೀರು ಹೀರಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ನಗರದವರಿಗೆ ಎರಡೂ ಸುಲಭವಾಗಿ ಸಿಗುತ್ತವೆ. ಎಳನೀರು ಗಾಡಿಯ ಪಕ್ಕ ಬುರುಡೆಯ ರಾಶಿ ಇದೆ. ಡಿಸೆಂಬರ್‌ನಿಂದ ರಸ್ತೆ ಬದಿಯ ಮರಗಳು ಎಲೆ ಉದುರಿಸತೊಡಗುತ್ತವೆ.

ಆ ಎಲೆಗಳನ್ನು ಗುಡಿಸಿ, ಮೂಲೆಯಲ್ಲಿ ಗುಡ್ಡೆ ಹಾಕಿ ಬೆಂಕಿ ಇಡುವುದನ್ನು ಚಳಿಗಾಲದ ಪ್ರತಿ ಬೆಳಿಗ್ಗೆ ಒಂದಲ್ಲ ಒಂದು ಬೀದಿಯಲ್ಲಿ ಕಾಣುತ್ತೇವೆ. ಮಂಜಿನ ಬೆಳಗಿನಲ್ಲಿ ಆ ಹೊಗೆ ಮೇಲೇಳದೆ ಮನೆಗಳೊಳಗೆ ನುಗ್ಗುತ್ತದೆ. ಉಬ್ಬಸದ ಮಕ್ಕಳಿರುವ ಮನೆಯವರನ್ನು ಕೇಳಿ ನೋಡಿ. ಸುಟ್ಟದ್ದು ಬರೀ ಎಲೆಯಲ್ಲ, ಯಾರದೋ ತೋಟದ ಎರಡು ತಿಂಗಳ ತೇವ. ಪೌರಕಾರ್ಮಿಕರಿಗೆ ಮೊದಲೇ ಒಂದು ಮಾತು ಹೇಳಿ, ಗೋಣಿಚೀಲ ಕೊಟ್ಟರೆ ಎಲೆ ನಿಮ್ಮ ಗೇಟಿಗೇ ಬರುತ್ತದೆ.

ಮೊದಲು ನೀರು ಹಾಕಿ, ಆಮೇಲೆ ಮುಚ್ಚಿಗೆ. ಒಣ ಮಣ್ಣಿನ ಮೇಲೆ ಹೊದಿಸಿದರೆ ಒಣಗಿದ್ದೇ ಉಳಿಯುತ್ತದೆ. ನೆಲದ ಗಿಡಕ್ಕೆ ನಾಲ್ಕಿಂಚು, ಕುಂಡಕ್ಕೆ ಎರಡಿಂಚು ಸಾಕು. ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಡಿ, ಇಲ್ಲದಿದ್ದರೆ ಬುಡ ಕೊಳೆಯುತ್ತದೆ.

ನೀರು ಬೇಡ ಎನ್ನುವ ಗಿಡಗಳು

ಚಳಿಗಾಲದಲ್ಲಿ ಗಿಡಗಳಿಗೆ ನಾವು ಮಾಡುವ ದೊಡ್ಡ ಅನ್ಯಾಯ ಅತಿಯಾದ ಉಪಚಾರ. ಬೇಸಿಗೆಯಲ್ಲಿ ದಿನಕ್ಕೊಂದು ಚೊಂಬು ಹಾಕಿ ರೂಢಿಯಾದ ಕೈ ಡಿಸೆಂಬರ್‌ನಲ್ಲೂ ಹಾಗೆಯೇ ಹಾಕುತ್ತದೆ. ಗಿಡ ಬೆಳವಣಿಗೆ ನಿಧಾನ ಮಾಡಿದೆ, ಬಿಸಿಲು ಎಳೆಯದು, ರಾತ್ರಿ ಇಬ್ಬನಿ ಬೇರೆ. ಕುಂಡದೊಳಗೆ ನೀರು ನಿಂತು ಬೇರು ಕೊಳೆಯುತ್ತದೆ, ಎಲೆ ಹಳದಿಯಾಗುತ್ತದೆ. ಹಳದಿ ಕಂಡು ನೀರು ಸಾಲಲಿಲ್ಲವೇನೋ ಎಂದು ಇನ್ನೊಂದು ಚೊಂಬು ಹಾಕುತ್ತೇವೆ.

ತೋರುಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ. ತುದಿಗೆ ತಂಪು ತಾಗಿದರೆ, ಮಣ್ಣು ಅಂಟಿದರೆ, ಆ ದಿನ ನೀರು ಬೇಡ. ಕೈತೋಟದಲ್ಲಿ ಇದಕ್ಕಿಂತ ನಂಬಿಕಸ್ಥ ಮಾಪಕ ನಾನು ಕಂಡಿಲ್ಲ.

ಕೆಲವು ಗಿಡಗಳಿಗಂತೂ ಈಗ ಬಾಯಾರಿಕೆಯೇ ಬೇಕು. ಫಲ ಕೊಡುವ ಮಾವಿನ ಮರಕ್ಕೆ ನವೆಂಬರ್-ಡಿಸೆಂಬರ್‌ನಲ್ಲಿ ನೀರು ಕಟ್ಟಿದರೆ ಅದು ಹೂ ಬಿಡುವ ಬದಲು ಚಿಗುರುತ್ತದೆ. ಒಣಗಿದ ನೆಲ, ತಂಪು ರಾತ್ರಿ ಎರಡೂ ಕೂಡಿದರೇ ಜನವರಿಯಲ್ಲಿ ಹೂಗೊಂಚಲು. ಕಾಯಿ ಕಚ್ಚಿದ ಮೇಲೆ ನೀರು ಕೊಡಿ. ದುಂಡುಮಲ್ಲಿಗೆಗೂ ಹೀಗೆಯೇ: ನವೆಂಬರ್ ಕೊನೆಗೆ ನೀರು ತಗ್ಗಿಸಿ, ಕೊಂಬೆ ಸವರಿ, ವಿಶ್ರಾಂತಿ ಕೊಟ್ಟರೆ ಬೇಸಿಗೆಗೆ ಮೊಗ್ಗು ತುಂಬುತ್ತದೆ. ಕರಿಬೇವು ಚಳಿಗೆ ಮಂಕಾಗುವುದು ಅದರ ಸ್ವಭಾವ. ಗೊಬ್ಬರ, ನೀರು ಸುರಿದು ಎಬ್ಬಿಸುವುದು ಬೇಡ. ಎಳೆಯ ಸಸಿಗಳಿಗೆ ಮಾತ್ರ ಈ ಉಪವಾಸ ಸಲ್ಲದು.

ಸೇವಂತಿಗೆ ಬೇರೆ ಜಾತಿ. ಮೊಗ್ಗಿನ ಹೊತ್ತಿಗೆ ಒಣಗಿಸಿದರೆ ಹೂ ಸಣ್ಣದಾಗುತ್ತದೆ. ಅದಕ್ಕೆ ಹದವಾಗಿ ನೀರು ಬೇಕು, ಬುಡಕ್ಕೆ ಮಾತ್ರ. ಮೆಂತ್ಯ, ಕೊತ್ತಂಬರಿ, ಪಾಲಕ್, ಮೂಲಂಗಿಗೆ ಇದೇ ಸಿರಿಗಾಲ. ಬೇಸಿಗೆಯಲ್ಲಿ ಇದೇ ಸೊಪ್ಪಿಗೆ ಬೇಕಾಗುವ ನೀರಿಗೆ ಹೋಲಿಸಿದರೆ ಈಗ ಬೇಕಾಗುವುದು ತೀರಾ ಕಡಿಮೆ. ಹಾಗಾಗಿ ಕೈತೋಟ ಮಾಡುವ ಮನಸ್ಸಿದ್ದವರು ಚಳಿಗಾಲದಲ್ಲೇ ಶುರು ಮಾಡಲಿ. ಬೇಲಿಗೆ ನಾಲ್ಕು ಅವರೆ ಕಾಳು ಊರಿದ್ದರಂತೂ ಇಬ್ಬನಿ ಕುಡಿದ ಸೊಗಡವರೆ ಮನೆಯಲ್ಲೇ ಸಿಗುತ್ತದೆ.

ಜನವರಿಯಲ್ಲಿ ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನ. ಗಾಜಿನಮನೆಯ ಬಣ್ಣ ನೋಡಿ ಬಂದವರು ಹೊರಗೆ ಪೆಟೂನಿಯದ ಕುಂಡಗಳನ್ನು ಕೈತುಂಬ ಕೊಳ್ಳುತ್ತಾರೆ. ಅವುಗಳ ಆಯುಸ್ಸು ಚಳಿ ಇರುವಷ್ಟೇ. ನೀರು ತುಟ್ಟಿಯಾಗುವ ಮಾರ್ಚ್‌ನಲ್ಲಿ ದಿನಕ್ಕೆರಡು ಬಾರಿ ನೀರು ಕೇಳಿ, ಕೊನೆಗೂ ಬಾಡುತ್ತವೆ. ಒಂದೆರಡು ಸಾಕು. ಉಳಿದ ದುಡ್ಡಿಗೆ ದಾಸವಾಳ, ಕಣಗಿಲೆ, ನಂದಿಬಟ್ಟಲು ತನ್ನಿ; ಬೇರೂರಿದ ಮೇಲೆ ಅವು ವರ್ಷಗಟ್ಟಲೆ ಇರುತ್ತವೆ. ಹುಲ್ಲುಹಾಸಿನ ಬಗ್ಗೆಯೂ ನನ್ನ ಅಭಿಪ್ರಾಯ ಇದೇ. ಇರುವ ಹಾಸನ್ನು ಸ್ವಲ್ಪ ಉದ್ದ ಬಿಟ್ಟು ಕತ್ತರಿಸಿದರೆ ಬೇರಿಗೆ ನೆರಳಾಗುತ್ತದೆ. ಹೊಸದಾಗಿ ಹಾಸು ಹಾಕಿಸುವುದನ್ನು ಈ ಊರಿನ ನೀರಿನ ಸ್ಥಿತಿಯಲ್ಲಿ ಒಪ್ಪಲಾರೆ.

ನೀರು ಹಾಕುವ ಹೊತ್ತೂ ಮುಖ್ಯ. ಬೇಸಿಗೆಯಲ್ಲಿ ಸಂಜೆ ಹಾಕಿದರೆ ನಡೆಯುತ್ತದೆ, ಚಳಿಗೆ ಬೆಳಗ್ಗೆಯೇ ಸರಿ. ಗುಲಾಬಿಯ ಎಲೆಯೊಂದನ್ನು ಹತ್ತಿರದಿಂದ ನೋಡಿ. ಸಂಜೆ ಪೈಪಿನಲ್ಲಿ ತಲೆಗೆ ನೀರು ಬಿಟ್ಟ ಗಿಡದಲ್ಲಿ, ರಾತ್ರಿಯಿಡೀ ಒದ್ದೆಯಾಗಿಯೇ ಉಳಿದ ಕೆಳಗಿನ ಎಲೆಗಳ ಮೇಲೆ ಅಂಚು ಹರಿದಂತಿರುವ ಕಪ್ಪು ಚುಕ್ಕೆಗಳು. ಅವುಗಳ ಸುತ್ತ ಹಳದಿ ಹರಡಿ ಎಲೆ ಉದುರುತ್ತದೆ. ಔಷಧಿ ತರುವ ಮೊದಲು ಪೈಪು ಸುತ್ತಿಟ್ಟು ಚೊಂಬು ಹಿಡಿಯಿರಿ.

┃ ಬಾಕ್ಸ್: ಬುಡದಲ್ಲೊಂದು ಮಡಕೆ ┃

ಹೊಳಪು ಹಚ್ಚದ, ನಾಲ್ಕೈದು ಲೀಟರಿನ ಮಣ್ಣಿನ ಮಡಕೆ ತನ್ನಿ. ಗಿಡಗಳ ನಡುವೆ ಕೊರಳಿನವರೆಗೆ ಹೂತು, ನೀರು ತುಂಬಿ, ಬಾಯಿಗೆ ಮುಚ್ಚಳ ಇಡಿ. ಮುಚ್ಚದಿದ್ದರೆ ಸೊಳ್ಳೆ ಮೊಟ್ಟೆ ಇಡುತ್ತದೆ.

ಸುತ್ತಲಿನ ಮಣ್ಣು ಒಣಗಿದಂತೆ ಮಡಕೆಯ ಸಣ್ಣ ರಂಧ್ರಗಳಿಂದ ನೀರನ್ನು ಎಳೆದುಕೊಳ್ಳುತ್ತದೆ, ಹಸಿಯಿದ್ದರೆ ಎಳೆಯುವುದಿಲ್ಲ. ಮಣ್ಣಿನ ಮೇಲ್ಮೈ ಒಣಗಿಯೇ ಇರುವುದರಿಂದ ಬಿಸಿಲಿಗೆ ಹೋಗುವ ನೀರು ಬಹಳ ಕಡಿಮೆ. ಊರಿಗೆ ಹೋಗುವವರಿಗೂ ಇದು ಅನುಕೂಲ.

ಕೊಳವೆಬಾವಿಯ ಗಡಸು ನೀರಾದರೆ ಕಾಲ ಕಳೆದಂತೆ ಉಪ್ಪು ಕಟ್ಟಿ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಆಗ ಮಡಕೆಯನ್ನು ತೆಗೆದು ತಿಕ್ಕಿ ತೊಳೆಯಬೇಕು.

ಬಚ್ಚಲ ನೀರಿಗೊಂದು ದಾರಿ

ಹಳೆಯ ಮನೆಗಳ ಹಿತ್ತಿಲನ್ನು ನೆನಪಿಸಿಕೊಂಡರೆ ಬಚ್ಚಲ ಮೋರಿಯ ಬಾಯಿಗೆ ಬಾಳೆ, ಅದರಾಚೆ ಕೆಸು, ಮತ್ತೂ ಆಚೆ ಒಂದು ತೆಂಗು. ಯಾರೂ ಆ ಗಿಡಗಳಿಗೆಂದು ನೀರು ಹೊರುತ್ತಿರಲಿಲ್ಲ. ಬಚ್ಚಲ ಒಲೆಯ ಬೂದಿಯೂ ಅದೇ ಬುಡಗಳಿಗೆ ಹೋಗುತ್ತಿತ್ತು.

ಇಂದಿನ ಸೈಟಿನಲ್ಲಿ ಹಿತ್ತಿಲಿಲ್ಲ, ಆದರೆ ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರಿಗೆ ಜಾಗ ಬೇಕಿಲ್ಲ. ಸಿಂಕಿನ ಪಕ್ಕ ಒಂದು ಬೋಗುಣಿ ಸಾಕು. ವಾಷಿಂಗ್ ಮೆಷಿನ್ನಿನ ಕೊನೆಯ ಜಾಲಾಡಿದ ನೀರು ಬಾಳೆಗೆ, ಕಾಬಾಳೆಗೆ ಹೋಗಬಹುದು. ಸೋಪಿನ ಅಂಶವಿರುವ ನೀರನ್ನು ತಿನ್ನುವ ಸೊಪ್ಪಿಗೆ ಹಾಕಬೇಡಿ, ಒಂದು ದಿನಕ್ಕಿಂತ ಹೆಚ್ಚು ಶೇಖರಿಸಿಡಬೇಡಿ, ನಾರುತ್ತದೆ. ಆರ್‌ಒ ಯಂತ್ರ ಹೊರಹಾಕುವ ನೀರಿನಲ್ಲಿ ಲವಣ ಹೆಚ್ಚು. ಅದು ಕುಂಡಕ್ಕಿಂತ ನೆಲ ಒರೆಸಲು, ಕಮೋಡಿಗೆ ಒಳ್ಳೆಯದು.

ಬಾವಿ ತೋಡುವ ಕಾಲ

ಚಳಿಗಾಲದಲ್ಲಿ ಮಾಡಲೇಬೇಕಾದ ಇನ್ನೊಂದು ಕೆಲಸವಿದೆ. ಈ ವರ್ಷದ ಮಳೆ ಬೀದಿಯ ಚರಂಡಿಗೆ ಹರಿದುಹೋದ ಮನೆಯವರು ಮುಂದಿನ ಮಳೆಗೆ ಇಂಗುಬಾವಿ ತೋಡಿಸಬಹುದು. ಮಣ್ಣು ಆರಿ ಗಟ್ಟಿಯಾಗಿರುವುದರಿಂದ ಗೋಡೆ ಕುಸಿಯುವ ಭಯ ಕಡಿಮೆ, ಒಳಗಿಳಿದು ಅಗೆಯುವವರಿಗೂ ಸುರಕ್ಷಿತ.

ಬೆಂಗಳೂರಿನ ಸುತ್ತ ಈ ಕೆಲಸದಲ್ಲಿ ಪಳಗಿದವರು ಮಣ್ಣು ವಡ್ಡರು. ಕೊಳವೆಬಾವಿಗಳ ಅಬ್ಬರದಲ್ಲಿ ಕೆಲಸ ಕಳೆದುಕೊಂಡಿದ್ದ ಈ ಸಮುದಾಯಕ್ಕೆ ನಗರದಲ್ಲಿ ಹತ್ತು ಲಕ್ಷ ಇಂಗುಬಾವಿ ತೋಡುವ ಅಭಿಯಾನದಿಂದ ಮತ್ತೆ ಕರೆ ಬರುತ್ತಿದೆ. ಕಬ್ಬನ್ ಪಾರ್ಕಿನ ಹಳೆಯ ಬಾವಿಗಳ ಹೂಳೆತ್ತಿ ನೀರು ಕಾಣಿಸಿದವರೂ ಇವರೇ. ಹಗ್ಗ, ಗುದ್ದಲಿ, ಬುಟ್ಟಿ ಹಿಡಿದು ಬಂದ ತಂಡ ಮಣ್ಣಿನ ಬಣ್ಣ ನೋಡಿಯೇ ಎಷ್ಟು ಆಳಕ್ಕೆ ನೀರು ಇಂಗೀತು ಎಂದು ಅಂದಾಜು ಹೇಳುತ್ತದೆ. ಈ ಜ್ಞಾನ ಯಾವ ಯಂತ್ರದಲ್ಲೂ ಇಲ್ಲ, ಅದಕ್ಕೆ ತಕ್ಕ ಕೂಲಿ ಕೊಡುವುದು ನಮ್ಮ ಕರ್ತವ್ಯ.

ಮೂರಡಿ ಅಗಲ, ಇಪ್ಪತ್ತಡಿ ಆಳದ ಬಾವಿಗೆ ಸಿಮೆಂಟ್ ರಿಂಗ್ ಇಳಿಸಿದರೆ ಸುಮಾರು 4,000 ಲೀಟರ್ ಹಿಡಿಯುತ್ತದೆ. ಮಳೆ ಸುರಿಯುತ್ತಿರುವಾಗಲೇ ಅದು ಇಂಗುತ್ತಾ, ತುಂಬುತ್ತಾ ಇರುತ್ತದೆ. ತಾರಸಿಯ ನೀರು ಅದಕ್ಕಿಳಿಯುವ ಮುನ್ನ ಎಲೆ, ಮಣ್ಣು ನಿಲ್ಲುವಂತೆ ಒಂದು ಸಣ್ಣ ಗುಂಡಿ ಇರಬೇಕು. ಬಾಯಿಗೆ ಭದ್ರವಾದ ಕಬ್ಬಿಣದ ಜಾಲರಿ ಇರಲೇಬೇಕು.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೊರಡುತ್ತದೆ. ಅದಾದ ಮೇಲೆ ಎಲ್ಲರಿಗೂ ಒಟ್ಟಿಗೇ ಬಾವಿ ನೆನಪಾಗಿ, ತೋಡುವವರು ಕೈಗೆ ಸಿಗುವುದಿಲ್ಲ. ಏಪ್ರಿಲ್ ನಡುವೆ ಅಶ್ವಿನಿ ಮಳೆ ಕೂಡುತ್ತದೆ. ಅಷ್ಟರೊಳಗೆ ರಿಂಗು ಇಳಿದು, ತಾರಸಿಯ ಪೈಪು ಕೂಡಿ, ಜಾಲರಿ ಕೂತಿರಬೇಕೆಂದರೆ ಜನವರಿಯಲ್ಲೇ ಆಳುಗಳ ಹತ್ತಿರ ಮಾತಾಡಿಕೊಳ್ಳಿ.